ಗದ್ದಲದ ಮೇಲಣ ಗದ್ದಲ

ಈಚಿನ ಕೆಲವು ವರ್ಷಗಳಿಂದ ನಮ್ಮ ಸಾಹಿತ್ಯ ಸಂಗೀತದ ಸಭೆಗಳಲ್ಲಿ ಒಂದು ಗೊಣಗಾಟ ಬಿಡದೆ ಕೇಳಿಬರುತ್ತಿದೆ. ಕನ್ನಡದ ತರುಣರು ಹೆಗಲಿಗೆ ಗಿಟಾರು ತಗುಲಿಸಿಕೊಂಡು, ಎದುರಿಗೆ ನಾಲ್ಕೈದು ಡ್ರಮ್ಮುಗಳನ್ನು ಹೂಡಿಕೊಂಡು, ಮೈಮೇಲೆ ಬಂದವರಂತೆ ಕೂಗುತ್ತಾರೆ. ಶಿಶುನಾಳ ಷರೀಫಸಾಹೇಬರ ಪದಗಳನ್ನೂ ಅವರು ಬಿಟ್ಟಿಲ್ಲ. ಇದರಿಂದ ನಮ್ಮ ಸಂಗೀತಕ್ಕೂ ಭಾಷೆಗೂ ಕಡೆಗೆ ನಮ್ಮ ಮಕ್ಕಳ ನಡತೆಗೂ ಕೇಡು ಒದಗಿದೆ. ಇದು ಆ ಗೊಣಗಾಟದ ಸಾರಾಂಶ. ಹೀಗೆ ಹೇಳುವವರು ಹಾದಿಹೋಕರಲ್ಲ. ಓದಿದವರು, ಮರ್ಯಾದಸ್ಥರು, ಕನ್ನಡದ ಮೇಲೆ ನಿಜವಾದ ಅಕ್ಕರೆಯುಳ್ಳವರು. ಆದುದರಿಂದ ಅವರ ಮಾತನ್ನು ಕಿವಿಯ ಮೇಲೆ ಹಾಕಿಕೊಳ್ಳದೆ ಮುಂದೆ ಸಾಗುವಂತಿಲ್ಲ. ಆದರೆ ಹಾಕಿಕೊಂಡ ಮೇಲೆ ಒಪ್ಪುವಂತೆಯೂ ಇಲ್ಲ.

ಮೊದಲು ಸಂಗತಿಯೇನೆಂಬುದನ್ನು ನೋಡೋಣ. ಕನ್ನಡ ನಾಡಿನಲ್ಲಿ ರಾಕ್ ಸಂಗೀತದ ತಂಡಗಳು ಹುಟ್ಟಿದ್ದು ನಿನ್ನೆ ಮೊನ್ನೆಯಲ್ಲ. ಬೆಂಗಳೂರಿನ ಕಾಲೇಜು ಉತ್ಸವಗಳಲ್ಲಿ, ಪಬ್ಬುಗಳಲ್ಲಿ, ಸಣ್ಣ ಪುಟ್ಟ ಸಭಾಂಗಣಗಳಲ್ಲಿ ನುಡಿಸುತ್ತ ಬಂದವು ಹಲವು ತಂಡಗಳು. 1998ರಲ್ಲಿ ಅಲ್ಲಿ ಹುಟ್ಟಿದ 'ಕ್ರಿಪ್ಟೋಸ್' ಎಂಬ ತಂಡ ಗಡಸು ರಾಕಿಗಿಂತಲೂ ಗಡಸಾದ ಹೆವಿ ಮೆಟಲ್ ಎಂಬ ಬಗೆಯದು. ಮೊದಲ ಧ್ವನಿಮುದ್ರಿಕೆ ಹೊರಬರಲು ಅದಕ್ಕೆ ಆರು ವರ್ಷ ಬೇಕಾಯಿತು. ಜರ್ಮನಿಯ ವಾಕನ್ ಉತ್ಸವದ ಅಟ್ಟ ಹತ್ತಿದ್ದು 2013ರಲ್ಲಿ. ಎಂದರೆ ಹದಿನೈದು ವರ್ಷದ ದುಡಿಮೆಯ ಮೇಲೆ.

ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತರದು ಇನ್ನೊಂದು ದಾರಿ. ಸೂಕ್ಷ್ಮಜೀವಿಶಾಸ್ತ್ರದಲ್ಲಿ ಎಂ.ಎಸ್‌ಸಿ. ಮಾಡಿ, ಭರತನಾಟ್ಯದಲ್ಲಿ ವಿದ್ವತ್ ಪಡೆದ ಈ ಮನುಷ್ಯ ತೊಂಬತ್ತರ ದಶಕದ ಕಡೆಯಲ್ಲಿ 'ಅಂತರಾಗ್ನಿ' ಎಂಬ ತಂಡ ಕಟ್ಟಿದರು. ಧ್ವನಿಮುದ್ರಣದ ಕಂಪನಿಗಳು ವರ್ಷಗಟ್ಟಲೆ ಅವರನ್ನು ಬಾಗಿಲಿನಿಂದಲೇ ತಿರುಗಿಸಿ ಕಳಿಸಿದವು. ಮುಂಬಯಿಯಲ್ಲಿ ಅವರ ಹಾಡು ಕೇಳಿದ ಸಿನಿಮಾ ಸಂಗೀತಗಾರರಾದ ವಿಶಾಲ್-ಶೇಖರ್ ಮುಂದೆ ಬಂದ ಮೇಲೆ, 2008ರಲ್ಲಿ ಮೊದಲ ಧ್ವನಿಮುದ್ರಿಕೆ ಹೊರಬಂತು. ಅದರಲ್ಲಿ ಷರೀಫರ ಗುಡುಗುಡಿಯ ಪದವಿತ್ತು. ಮಾಳಿಗೆ ಸೋರುವ ಪದವಿತ್ತು. 2010ರಲ್ಲಿ ಬಿ.ಬಿ.ಸಿ.ಯ ದೂರದರ್ಶನದಲ್ಲಿ ಜೂಲ್ಸ್ ಹಾಲಂಡರ ಕಾರ್ಯಕ್ರಮ, 2011ರಲ್ಲಿ ಗ್ಲಾಸ್ಟನ್‌ಬರಿಯ ಉತ್ಸವ. ಪಂಚೆ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿಕೊಂಡು ಹಾಡಿದ ಕನ್ನಡವನ್ನು ಇಂಗ್ಲಿಷರು ಕುಣಿದು ಕೇಳಿದರು. ಅವರ ತಮ್ಮ ವಾಸು ದೀಕ್ಷಿತರು ಮುಂದಾಗಿ ಕಟ್ಟಿದ 'ಸ್ವರಾತ್ಮ' ತಂಡವೂ ಜನಪದದ ಮಟ್ಟುಗಳನ್ನು ರಾಕಿಗೆ ಬೆಸೆದು ಹೆಸರು ಮಾಡಿತು. ಅದರ ಮೊದಲ ಧ್ವನಿಮುದ್ರಿಕೆ ಬಂದುದು 2009ರಲ್ಲಿ.

ಇವಿಷ್ಟು ಸಂಗತಿಗಳು. ಇನ್ನು ಆಕ್ಷೇಪಣೆಗಳಿಗೆ ಬರೋಣ.

*

ಮೊದಲನೆಯ ಆಕ್ಷೇಪಣೆ: ಈ ವಾದ್ಯಗಳು ನಮ್ಮವಲ್ಲ.

ಸರಿ, ಗಿಟಾರು ನಮ್ಮದಲ್ಲ. ಪಿಟೀಲು ಯಾರದು? ಅದು ಯುರೋಪಿನಿಂದ ಬಂದ ವಾದ್ಯ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಅದನ್ನು ಕರ್ನಾಟಕ ಸಂಗೀತಕ್ಕೆ ಪಳಗಿಸಿದರೆಂದು ನಾವೇ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಹಾರ್ಮೋನಿಯಂ ಯಾರದು? ಹತ್ತೊಂಬತ್ತನೆಯ ಶತಮಾನದಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ ಪೆಟ್ಟಿಗೆ ಅದು. ಇಂದು ನಮ್ಮ ಕಡೆಯ ಯಾವ ಭಜನೆಯ ಮನೆಗೆ ಹೋದರೂ ಅದಿಲ್ಲದೆ ಪದ ಏಳುವುದಿಲ್ಲ. ಈ ಪೆಟ್ಟಿಗೆ ಭಾರತೀಯ ಸಂಗೀತವನ್ನು ಕೆಡಿಸುತ್ತದೆಂದು ಹೇಳಿ ಆಕಾಶವಾಣಿಯವರು 1940ರಲ್ಲಿ ಅದಕ್ಕೆ ಬಹಿಷ್ಕಾರ ಹಾಕಿದ್ದರು. ಆ ಬಹಿಷ್ಕಾರ ಸಡಿಲವಾಗಲು 1971ರವರೆಗೆ ಕಾಯಬೇಕಾಯಿತು. ಮೂವತ್ತು ವರ್ಷ ಬಾಗಿಲು ಹಾಕಿದರೂ ಹಾರ್ಮೋನಿಯಂ ಸಾಯಲಿಲ್ಲ, ಭಾರತೀಯ ಸಂಗೀತವೂ ಸಾಯಲಿಲ್ಲ. ಮುಜುಗರಪಟ್ಟದ್ದು ಬಾಗಿಲು ಹಾಕಿದವರು ಮಾತ್ರ.

ಇಷ್ಟು ಸಾಲದೆಂದರೆ ನಮ್ಮ ಕದ್ರಿ ಗೋಪಾಲನಾಥರನ್ನು ನೆನೆಯಬಹುದು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕೇಳಿದ ಸ್ಯಾಕ್ಸೋಫೋನಿಗೆ ಮನಸೋತು, ಅದಕ್ಕೆ ಗಮಕ ಕಲಿಸಿದವರು ಅವರು. ಆ ವಾದ್ಯವನ್ನು ಇಂದು ದಕ್ಷಿಣ ಕನ್ನಡದಲ್ಲಿ ಯಾರಾದರೂ ಪರಕೀಯವೆನ್ನುತ್ತಾರೆಯೆ? ವಾದ್ಯಕ್ಕೆ ಜಾತಿಯಿಲ್ಲ, ನುಡಿಸುವ ಕೈಗೆ ಹದವಿದೆಯೆ ಇಲ್ಲವೆ ಎಂಬುದಷ್ಟೇ ಅಲ್ಲಿ ಕೇಳಬೇಕಾದ ಪ್ರಶ್ನೆ.

ಎರಡನೆಯ ಆಕ್ಷೇಪಣೆ: ಇದು ಸಂಗೀತವಲ್ಲ, ಗದ್ದಲ.

ಈ ಮಾತನ್ನು ಬೇರೆ ಎಲ್ಲಿಯವರಾದರೂ ಹೇಳಲಿ, ಕಲಬುರಗಿಯ ಸೀಮೆಯವರು ಹೇಳುವಾಗ ನನಗೆ ನಗು ಬರುತ್ತದೆ. ಮೊಹರಮ್ಮಿನ ಅಲಾವಿಯ ಸುತ್ತ ಹಲಗಿ ಬಡಿಯುವ ಸದ್ದಿಗೆ ಎದೆ ನಡುಗುವುದಿಲ್ಲವೆ? ಡೊಳ್ಳು, ಜಗ್ಗಲಿಗೆ, ಸಂಬಾಳಗಳೇನು ಪಿಸುಮಾತಿನ ವಾದ್ಯಗಳೆ? ನಮ್ಮ ಜನಪದಕ್ಕೆ ಗಟ್ಟಿ ದನಿಯ ಭಯ ಎಂದೂ ಇರಲಿಲ್ಲ. ಬಯಲಾಟದ ಪಾತ್ರಧಾರಿ ಕೂಗಿದರೆ ಪಕ್ಕದ ಊರಿನ ನಾಯಿ ಏಳುತ್ತಿತ್ತು.

ಮೇಲಾಗಿ, ಇದೇ ಮಹನೀಯರು ಮದುವೆಯ ಮೆರವಣಿಗೆಯಲ್ಲಿ, ಹಬ್ಬದ ಮೆರವಣಿಗೆಯಲ್ಲಿ ಲಾರಿಯ ತುಂಬ ಪೇರಿಸಿದ ಡಿ.ಜೆ. ಪೆಟ್ಟಿಗೆಗಳನ್ನು ವರ್ಷವಿಡೀ ಸಹಿಸುತ್ತಾರೆ. ಕಿಟಕಿಯ ಗಾಜು ನಡುಗಿದರೂ "ಹುಡುಗರು, ಸಂಭ್ರಮ" ಎಂದು ಸುಮ್ಮನಾಗುತ್ತಾರೆ. ಆ ಪೆಟ್ಟಿಗೆಯಲ್ಲಿ ಹಾಡುವವನಿಲ್ಲ, ನುಡಿಸುವವನಿಲ್ಲ. ಯಾರೋ ಎಲ್ಲೋ ಮುದ್ರಿಸಿದ ಸದ್ದನ್ನು ಗುಂಡಿ ಒತ್ತಿ ಬಿಡುವವನೊಬ್ಬನಿದ್ದಾನೆ. ಬೆರಳು ಸವೆಸಿ, ಗಂಟಲು ಪಳಗಿಸಿ, ತಾನೇ ಹಾಡುವ ಹುಡುಗ ಬಂದರೆ ಮಾತ್ರ ಅದು ಗದ್ದಲ! ಇದೆಂಥ ನ್ಯಾಯ? ಸದ್ದಿಗೆ ಕಟ್ಟಳೆ ಬೇಕೆಂದರೆ ಇರಲಿ: ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಧ್ವನಿವರ್ಧಕ ಕೂಡದೆಂಬ ನಿಯಮ 2000ದಿಂದಲೇ ಇದೆ. ಅದು ಎಲ್ಲರಿಗೂ ಅನ್ವಯವಾಗಲಿ. ಗಿಟಾರಿಗೊಂದು, ಲಾರಿಗೊಂದು ಆಗಬಾರದು.

ಮೂರನೆಯದೇ ನಿಜಕ್ಕೂ ಗಂಭೀರವಾದ ಆಕ್ಷೇಪಣೆ: ಷರೀಫರಿಗೆ ಅಪಚಾರವಾಯಿತು ಎಂಬುದು.

ಅನುಭಾವದ ಪದಕ್ಕೆ ಒಂದು ಮೌನ ಬೇಕು. ಏಕತಾರಿಯ ಒಂದೇ ತಂತಿಯ ಮೇಲೆ ಅದು ಅರಳಬೇಕು. ಜನ ಕುಣಿಯುವಂತೆ ಹಾಡಿದರೆ ಅರ್ಥ ಹಾರಿಹೋಗುತ್ತದೆ ಎಂಬುದು ವಾದ. ಇದರಲ್ಲಿ ಅರ್ಧ ಸತ್ಯವಿದೆಯೆಂದು ಕನ್ನಡ ಪಾಠ ಹೇಳುವವನಾದ ನಾನು ಒಪ್ಪಲೇಬೇಕು. ಡ್ರಮ್ಮಿನ ಹೊಡೆತಕ್ಕೆ ಪದ ನುಂಗಿಹೋದರೆ ತತ್ವವೂ ನುಂಗಿಹೋಯಿತೆಂದೇ ಲೆಕ್ಕ. ಕೆಲವು ತಂಡಗಳಿಗೆ ಅಲ್ಪಪ್ರಾಣ ಮಹಾಪ್ರಾಣಗಳ ಎಚ್ಚರವಿಲ್ಲ. ಧಾರವಾಡ ಸೀಮೆಯ ಮಾತಿನ ಬನಿಯನ್ನು ಹಳೆಯ ಮೈಸೂರಿನ ನಾಲಗೆಯಿಂದ ತೊಳೆದು ಹಾಕುತ್ತಾರೆ. ಅದಕ್ಕಾಗಿ ಅವರನ್ನು ಬಯ್ಯಿರಿ. ನಾನೂ ನಿಮ್ಮ ಜೊತೆ ಬರುತ್ತೇನೆ.

ಆದರೆ ಅಪಚಾರವೆಂಬ ಮಾತು ಬೇರೆ. 1819ರಿಂದ 1889ರವರೆಗೆ ಬದುಕಿದ ಷರೀಫರು ಮುಸಲ್ಮಾನರ ಮನೆಯಲ್ಲಿ ಹುಟ್ಟಿ, ಕಳಸದ ಗೋವಿಂದಭಟ್ಟರ ಶಿಷ್ಯರಾದರು. ಅದು ಅಪಚಾರವೆಂದು ಎರಡೂ ಕಡೆಯವರು ಅಂದು ಕಿರುಚಿದ್ದರಂತೆ. ನಮ್ಮ ಸೀಮೆಯವರೇ ಆದ ಕಡಕೋಳ ಮಡಿವಾಳಪ್ಪನವರ ಗರಡಿಯಲ್ಲಿ ಚೆನ್ನೂರ ಜಲಾಲಸಾಹೇಬರೂ ಇದ್ದರು, ಖೈನೂರ ಕೃಷ್ಣಪ್ಪನವರೂ ಇದ್ದರು. ಜಾತಿಯ ಗೆರೆ ದಾಟುವುದೇ ಯಾರ ಬಾಳಿನ ಕಸುಬಾಗಿತ್ತೋ ಅವರ ಪದಗಳಿಗೆ ವಾದ್ಯದ ಮಡಿ ಉಡಿಸುವುದು ಎಂಥ ವಿಪರ್ಯಾಸ! ತತ್ವಪದ ಹುಟ್ಟಿದ್ದು ಪಂಡಿತರ ಕಪಾಟಿನಲ್ಲಿಡಲಿಕ್ಕಲ್ಲ. ಹೊಲ ಕಸುಬು ಮುಗಿಸಿ ಬಂದವರು ಇರುಳೆಲ್ಲ ಕೂಡಿ ಹಾಡಲಿಕ್ಕೆ. ಅವರು ದಮ್ಮಡಿ ಹಿಡಿದದ್ದು ಅದು ಪವಿತ್ರವೆಂದಲ್ಲ; ಕೈಗೆ ಸಿಕ್ಕಿತೆಂದು.

ಇನ್ನೊಂದು ಮಾತು. ಷರೀಫರ ಪದಗಳು ನಾಡಿನ ನಗರದ ಮನೆಮನೆಗೆ ಮುಟ್ಟಿದ್ದು ಹೇಗೆ? ಸಿ. ಅಶ್ವತ್ಥರು ಅವಕ್ಕೆ ವಾದ್ಯವೃಂದ ಕೂಡಿಸಿ, ಎದೆ ತುಂಬಿ ಹಾಡಿದ್ದರಿಂದ. ಟಿ.ಎಸ್. ನಾಗಾಭರಣರು 1990ರಲ್ಲಿ ತೆಗೆದ ಷರೀಫರ ಸಿನಿಮಾಕ್ಕೂ ಅವರದೇ ಸಂಗೀತ. ಬೆಂಗಳೂರಿನ ಅರಮನೆ ಮೈದಾನದಲ್ಲಿ 2005ರಲ್ಲಿ 'ಕನ್ನಡವೇ ಸತ್ಯ'ದ ಸಂಜೆ ಅವರು ಹಾಡಿದಾಗ ಮೈದಾನ ಹಿಡಿಸಲಾರದಷ್ಟು ಜನ ಸೇರಿದ್ದರು. ಇಂದು ಅಶ್ವತ್ಥರನ್ನು ಹಳೆಯ ಚಿನ್ನವೆಂದು ಹೊಗಳಿ ಗಿಟಾರಿನವರನ್ನು ಹಿತ್ತಾಳೆಯೆನ್ನುವವರು, ಚಿನ್ನವೂ ಒಂದು ಕಾಲಕ್ಕೆ ಹೊಸದಾಗಿತ್ತೆಂಬುದನ್ನು ಮರೆತಿದ್ದಾರೆ.

*

ಇಷ್ಟು ಹೇಳಿದ್ದರಿಂದ ರಾಕ್ ತಂಡಗಳ ಅಭಿಮಾನಿಗಳು ನನ್ನನ್ನು ತಮ್ಮವನೆಂದು ಭಾವಿಸಿ ಹಿಗ್ಗಬಾರದು. ಅವರೊಂದಿಗೂ ನನಗೆ ಜಗಳವಿದೆ.

ಅವರ ಬಾಯಲ್ಲಿ ಸದಾ ಒಂದು ಮಾತು: ಪ್ರತಿಭೆಯಿದ್ದರೆ ತಾನಾಗಿ ಮೇಲೆ ಬರುತ್ತದೆ, ಈಗಂತೂ ಫೋನಿನಲ್ಲಿ ಒಂದು ಹಾಡು ಹಾಕಿದರೆ ಬೆಳಗಾಗುವುದರೊಳಗೆ ಲೋಕಪ್ರಸಿದ್ಧಿ. ಇದು ಶುದ್ಧ ಕಟ್ಟುಕಥೆ. ಪ್ರಸಿದ್ಧವಾದ ಒಂದೊಂದು ತಂಡದ ಚರಿತ್ರೆಯನ್ನೂ ಬಿಡಿಸಿ ನೋಡಿರಿ. ಅಡಿಯಲ್ಲಿ ಒಂದು ಸಣ್ಣ ಅಟ್ಟ ಇದ್ದೇ ಇರುತ್ತದೆ. ಬೀಟಲ್ಸ್ ಹುಡುಗರು 1960ರಿಂದ 1962ರವರೆಗೆ ಹ್ಯಾಂಬರ್ಗಿನ ಕ್ಲಬ್ಬುಗಳಲ್ಲಿ ಇರುಳಿರುಳು ಗಂಟೆಗಟ್ಟಲೆ ನುಡಿಸಿದರು. ಲಿವರ್‌ಪೂಲಿನ ನೆಲಮಾಳಿಗೆಯ ಕ್ಯಾವರ್ನ್ ಕ್ಲಬ್ಬಿನಲ್ಲಿ ಸುಮಾರು ಮುನ್ನೂರು ಸಲ ಹಾಡಿದರು. ಜಗತ್ತು ಅವರನ್ನು ಕೇಳುವುದಕ್ಕಿಂತ ಮುಂಚೆ ಅವರ ಕೈ ಪಳಗಿತ್ತು.

ಅದಕ್ಕಿಂತಲೂ ನಮಗೆ ಹತ್ತಿರವಾದ ಕಥೆ ಬರ್ಮಿಂಗ್‌ಹ್ಯಾಮಿನದು. ಹೊಗೆ ಕಾರುವ ಕಾರಖಾನೆಗಳ ಊರು. ಅಲ್ಲಿಯ ಆಸ್ಟನ್ ಎಂಬ ಕೂಲಿಕಾರರ ಪೇಟೆಯ ಟೋನಿ ಅಯೋಮಿ ಎಂಬ ಹುಡುಗ, ಹದಿನೇಳನೆಯ ವಯಸ್ಸಿನಲ್ಲಿ ತಗಡಿನ ಕಾರಖಾನೆಯ ಯಂತ್ರಕ್ಕೆ ಬಲಗೈಯ ಎರಡು ಬೆರಳ ತುದಿ ಕಳೆದುಕೊಂಡ. ಎಡಗೈಯಿಂದ ಮೀಟುವವನಾದ್ದರಿಂದ ತಂತಿ ಒತ್ತುವ ಬೆರಳುಗಳೇ ಹೋದಂತಾಯಿತು. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ. ನೋವು ತಾಳಲಾರದೆ ತಂತಿಗಳ ಬಿಗಿ ಸಡಿಲಿಸಿದ. ದನಿ ತಗ್ಗಿ ಭಾರವಾಯಿತು. ಆ ಭಾರವಾದ ದನಿಯೇ 'ಬ್ಲ್ಯಾಕ್ ಸಬ್ಬತ್' ತಂಡದ ಗುರುತಾಗಿ, ಹೆವಿ ಮೆಟಲಿಗೆ ತಳಹದಿಯಾಯಿತು. ಈ ಹುಡುಗರು 1968ರಲ್ಲಿ ಮೊದಮೊದಲು ನುಡಿಸಿದ್ದೆಲ್ಲಿ? ರೈಲು ನಿಲ್ದಾಣದ ಬಳಿ 'ಕ್ರೌನ್' ಎಂಬ ಪಬ್ಬಿನ ಮಹಡಿಯ ಕೋಣೆಯಲ್ಲಿ. 2025ರ ಜುಲೈಯಲ್ಲಿ ಅವರು ಕಡೆಯ ಸಲ ಹಾಡಿದ್ದು ಅದೇ ಆಸ್ಟನ್ನಿನ ವಿಲ್ಲಾ ಪಾರ್ಕ್ ಮೈದಾನದಲ್ಲಿ. ಗಾಯಕ ಆಜಿ ಆಸ್ಬೋರ್ನ್ ಆಮೇಲೆ ಮೂರು ವಾರವೂ ಬದುಕಲಿಲ್ಲ.

ಕಲಬುರಗಿಯೂ ಒಂದು ಕಾಲಕ್ಕೆ ಗಿರಣಿಯ ಊರೇ. ಎಂ.ಎಸ್.ಕೆ. ಮಿಲ್ಲಿನ ಭೋಂಗಾಕ್ಕೆ ಊರು ಏಳುತ್ತಿತ್ತು, ಮಲಗುತ್ತಿತ್ತು. ಮಿಲ್ಲು ಮುಚ್ಚಿತು, ಹೆಸರು ಬಡಾವಣೆಗೆ ಉಳಿಯಿತು. ಆ ಮಿಲ್ಲಿನ ಕೂಲಿಕಾರರ ಮೊಮ್ಮಕ್ಕಳಿಗೆ ಬೆರಳಿಲ್ಲವೆ, ಗಂಟಲಿಲ್ಲವೆ? ಎರಡೂ ಇವೆ. ಇಲ್ಲದ್ದು ಆ ಮಹಡಿಯ ಕೋಣೆ.

ನಮ್ಮ ನಗರದ ಅಂಚಿನ ಕೋಟನೂರದಲ್ಲಿ ನಾಲ್ವರು ಹುಡುಗರಿದ್ದರು. ಇಬ್ಬರು ನನ್ನ ತರಗತಿಯಲ್ಲಿ ಓದಿದವರು. ಗಿಲಾಯಿ ಆಗದ ಒಂದು ಮನೆಯಲ್ಲಿ ಸಂಜೆ ಕೂಡಿ ಮಡಿವಾಳಪ್ಪನವರ ಪದಗಳನ್ನು ಗಿಟಾರಿಗೆ ಹೊಂದಿಸುತ್ತಿದ್ದರು. ಹಲಗಿ ಬಡಿಯುವವನು ಅಪ್ಪನಿಂದ ಕಲಿತವನು; ಅವನ ಕೈಗೆ ಬೆಂಗಳೂರಿನ ಯಾವ ಡ್ರಮ್ಮಿನವನೂ ಸಾಟಿಯಿಲ್ಲ. ಒಂದು ದಿನ ಬಂದು, "ಸರ, ಹಾಡ್ಲಾಕ ಒಂದು ಜಾಗಾ ಕೊಡಸ್ರಿ" ಎಂದರು. ಸಾರ್ವಜನಿಕ ಹಣದಿಂದ ಕಟ್ಟಿದ ಒಂದು ಸಭಾಂಗಣಕ್ಕೆ ಕರೆದುಕೊಂಡು ಹೋದೆ. ಮೇಜಿನ ಆಚೆಯವರು ಕೇಳಿದ ಪ್ರಶ್ನೆಗಳು ಮೂರು: ಯಾವ ಸಂಘದವರು? ಉದ್ಘಾಟಕರು ಯಾರು? ಮುಖ್ಯ ಅತಿಥಿಗಳು ಯಾರು? ಏನು ಹಾಡುತ್ತೀರಿ ಎಂದು ಯಾರೂ ಕೇಳಲಿಲ್ಲ. ಬಾಡಿಗೆಯ ಮೊತ್ತ ಕೇಳಿ ಹುಡುಗರು ಮೆಟ್ಟಿಲಿಳಿದರು. ಆಮೇಲೆ ಒಂದು ಮದುವೆಯಲ್ಲಿ ಹಾಡಿದರು. ಎರಡನೆಯ ಪದಕ್ಕೇ ಸಿನಿಮಾ ಹಾಡು ಹೇಳಿರೆಂದು ಚೀಟಿ ಬಂತು. ಈಗ ನಾಲ್ವರಲ್ಲಿ ಮೂವರು ದುಡಿಮೆಗೆಂದು ಬೆಂಗಳೂರು ಸೇರಿದ್ದಾರೆ. ಗಿಟಾರು ಕೋಟನೂರದಲ್ಲೇ ಗೋಡೆಗೆ ನೇತಾಡುತ್ತಿದೆ.

ಇದು ಕೋಟನೂರದ ದುರ್ದೈವವಲ್ಲ; ಬೆಂಗಳೂರು ಬಿಟ್ಟು ಉಳಿದ ಕನ್ನಡ ನಾಡಿನ ಕಥೆ. ಪ್ರಸಿದ್ಧಿಯ ಏಣಿ ಇರುವುದು ಬೆಂಗಳೂರಿನಲ್ಲಿ. ಅದರ ಮೊದಲ ಮೆಟ್ಟಿಲು ಪಬ್ಬಿನಲ್ಲಿ. ಅಲ್ಲಿ ಕುಡಿತವಿದೆ, ನಡತೆ ಕೆಡುತ್ತದೆ ಎಂದು ಹಲುಬುವವರನ್ನು ನಾನು ಕೇಳುತ್ತೇನೆ: ಪಬ್ಬಲ್ಲದ ಬೇರೆ ಯಾವ ಜಾಗವನ್ನು ನೀವು ಆ ಹುಡುಗರಿಗೆ ಕೊಟ್ಟಿದ್ದೀರಿ? ಹೆಂಡದಂಗಡಿಯವನು ವಾರಕ್ಕೊಂದು ಸಂಜೆ ಅವರನ್ನು ಕರೆದು, ಅಟ್ಟ ಕೊಟ್ಟು, ನಾಲ್ಕು ಕಾಸು ಕೊಡುತ್ತಾನೆ. ಸಂಸ್ಕೃತಿಯ ಹೆಸರಿನ ನಮ್ಮ ಸಂಸ್ಥೆಗಳು ಹಾರ ಶಾಲುಗಳಿಗೆ ಖರ್ಚು ಮಾಡಿ ಹಾಡುವವನಿಗೆ ಐದು ನಿಮಿಷ ಕೊಡುತ್ತವೆ. ಹಾಗಿರುವಾಗ ಕಲೆಯ ಪೋಷಕನೆಂದು ಯಾರನ್ನು ಕರೆಯೋಣ?

ಹಿಂದೆ ನಮ್ಮಲ್ಲಿ ಹೀಗಿರಲಿಲ್ಲ. ನಾಟಕ ಕಂಪನಿಗಳು ಜಾತ್ರೆಯಿಂದ ಜಾತ್ರೆಗೆ ಮೊಕ್ಕಾಂ ಮಾಡಿ ದಿನಾ ಆಟ ಆಡುತ್ತಿದ್ದವು. ಮಲ್ಲಿಕಾರ್ಜುನ ಮನಸೂರರಂಥವರು ಬಾಲ್ಯದಲ್ಲಿ ದನಿ ಪಳಗಿಸಿದ್ದು ಅಂಥ ಒಂದು ಕಂಪನಿಯ ರಂಗದ ಮೇಲೆ. ಅದೇ ಆ ಕಾಲದ ಕ್ಲಬ್ಬು. ಅಲ್ಲಿಯೂ ಸಿಳ್ಳೆ ಇತ್ತು, ಒನ್ಸ್ ಮೋರ್ ಇತ್ತು, ಸಭ್ಯರ ಮೂಗು ಮುರಿಯುವಿಕೆ ಬೇಕಾದಷ್ಟಿತ್ತು. ಕಂಪನಿಗಳು ಮುಳುಗಿದುವು, ಅವುಗಳ ಜಾಗಕ್ಕೆ ನಾವು ಏನನ್ನೂ ತರಲಿಲ್ಲ.

ಹಳ್ಳಿಯಿಂದ ಏನಾದೀತು ಎನ್ನುವವರು ಮೇಲೆ ಹೇಳಿದ ವಾಕನ್ನಿನ ಕಥೆ ಕೇಳಬೇಕು. ಅದು ಮಹಾನಗರವಲ್ಲ, ಜರ್ಮನಿಯ ಉತ್ತರದಲ್ಲಿ ಎರಡು ಸಾವಿರದ ಆಸುಪಾಸಿನ ಜನವಸತಿಯ ಒಂದು ಹಳ್ಳಿ. 1990ರಲ್ಲಿ ಊರ ಹೊರಗಿನ ಗರಸಿನ ತಗ್ಗಿನಲ್ಲಿ ಅಲ್ಲಿಯ ಹುಡುಗರು ಆರು ತಂಡಗಳನ್ನು ಕೂಡಿಸಿ ಹಾಡಿಸಿದರು. ಸುಮಾರು ಎಂಟುನೂರು ಜನ ಬಂದಿದ್ದರು. ಇಂದು ಬೇಸಗೆಯಲ್ಲಿ ಆ ಊರಿಗೆ ಎಂಬತ್ತು ಸಾವಿರದ ಆಸುಪಾಸು ಜನ ಬರುತ್ತಾರೆ. ಎಂಟುನೂರು ಜನ ಕೂಡುವ ತಗ್ಗು ಕೋಟನೂರದಲ್ಲಿಲ್ಲವೆ? ಶಹಾಬಾದದ ಕಲ್ಲಿನ ಗಣಿಗಳಲ್ಲಿ ಅಂಥ ತಗ್ಗುಗಳಿಗೇನು ಬರವೆ? ತಗ್ಗು ಇದೆ, ತೊಡಗುವ ಮನಸ್ಸಿಲ್ಲ.

*

ಬರಿಯ ಬಯ್ಗಳದಿಂದ ಏನೂ ಸಾಗದು. ಆದುದರಿಂದ ಮೂರು ಮಾತು ಸೂಚಿಸುತ್ತೇನೆ.

ಮೊದಲನೆಯದಾಗಿ, ಸರಕಾರದ ಹಣದಿಂದ ಕಟ್ಟಿದ ಪ್ರತಿಯೊಂದು ರಂಗಮಂದಿರವೂ ತಿಂಗಳಿಗೊಂದು ಸಂಜೆಯನ್ನು ಹೊಸ ತಂಡಗಳಿಗೆ ಬಾಡಿಗೆಯಿಲ್ಲದೆ ಬಿಟ್ಟುಕೊಡಲಿ. ಉದ್ಘಾಟನೆ ಬೇಡ, ಅಧ್ಯಕ್ಷರು ಬೇಡ. ಏಳು ಗಂಟೆಗೆ ಹಾಡು ಸುರುವಾಗಿ ಒಂಬತ್ತೂವರೆಗೆ ಮುಗಿಯಲಿ. ಅದೇ ಅಟ್ಟದ ಮೇಲೆ ಮೊದಲು ಹಳ್ಳಿಯ ತತ್ವಪದದ ಮೇಳ ಹಾಡಲಿ, ಅನಂತರ ಗಿಟಾರಿನ ಹುಡುಗರು ಹಾಡಲಿ. ಪದದ ಉಚ್ಚಾರವನ್ನು ಹುಡುಗರು ಹಿರಿಯರಿಂದ ಕಲಿಯುವರು. ಧ್ವನಿವರ್ಧಕದ ಹದವನ್ನು ಹಿರಿಯರು ಹುಡುಗರಿಂದ ಕಲಿಯುವರು. ಅಪಚಾರದ ಭಯಕ್ಕೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ.

ಎರಡನೆಯದಾಗಿ, ಹಾಡಿದವರಿಗೆ ಹಣ ಕೊಡತಕ್ಕದ್ದು. ಶಾಲು ಹೊದಿಸಿ ಕಳಿಸುವುದು ಕೂಡದು. ಒಂದು ಚೀಟಿಗೆ ಐವತ್ತು ರೂಪಾಯಿಯಂತೆ ಇನ್ನೂರು ಜನ ಕೊಟ್ಟರೆ ಹತ್ತು ಸಾವಿರವಾಯಿತು. ಹೋಟೆಲಿನಲ್ಲಿ ಚಹಾ ಫಳಾರಕ್ಕೆ ಅದಕ್ಕಿಂತ ಹೆಚ್ಚು ಖರ್ಚು ಮಾಡುವ ನಾವು, ಪುಕ್ಕಟೆ ಪಾಸು ಇಲ್ಲದೆ ಸಭೆಗೆ ಬರುವುದಿಲ್ಲವೆಂಬುದು ಮಧ್ಯಮ ವರ್ಗಕ್ಕೆ ಅಂಟಿದ ಒಂದು ರೋಗ.

ಮೂರನೆಯದು ಕೇಳುವವರಿಗೆ ಸಂಬಂಧಿಸಿದ್ದು. ಲಂಡನ್ನಿನ ಚಪ್ಪಾಳೆ ಕೇಳಿದ ಮೇಲೆ ನಾವು ಚಪ್ಪಾಳೆ ತಟ್ಟುವ ಚಾಳಿ ಬಿಡಬೇಕು. ರಘು ದೀಕ್ಷಿತರ ಕನ್ನಡವನ್ನು ಜೂಲ್ಸ್ ಹಾಲಂಡ್ ಮೆಚ್ಚಿದರೆಂದು ಹಿಗ್ಗಿದವರಲ್ಲಿ ಎಷ್ಟು ಮಂದಿ ಅದಕ್ಕೆ ಮೊದಲಿನ ಹತ್ತು ವರ್ಷದಲ್ಲಿ ಚೀಟಿ ಕೊಂಡು ಅವರನ್ನು ಕೇಳಿದ್ದರು? ಮುಂದಿನ ತಂಡ ಇಂದು ಯಾವುದೋ ಊರಿನ ಗಿಲಾಯಿ ಆಗದ ಮನೆಯಲ್ಲಿ ಕೂತಿದೆ. ಅದು ಚೆನ್ನಾಗಿ ಹಾಡುತ್ತದೆಯೋ ಕೆಟ್ಟದಾಗಿ ಹಾಡುತ್ತದೆಯೋ ಹೇಳಬಲ್ಲವರು ಅದನ್ನು ಕೇಳಿದವರು ಮಾತ್ರ.

ಗದ್ದಲವೆಂದು ಕಿವಿ ಮುಚ್ಚಿಕೊಳ್ಳುವವರಿಗೆ ತೀರ್ಪು ಕೊಡುವ ಅಧಿಕಾರವಿಲ್ಲ. ಮೊದಲು ಅಟ್ಟ ಕೊಡಿರಿ, ಕೂತು ಕೇಳಿರಿ. ಹಿಡಿಸದಿದ್ದರೆ ಎದ್ದು ಬನ್ನಿರಿ. ಅಟ್ಟವನ್ನೇ ಕೊಡದೆ ಹಾಡು ಸರಿಯಿಲ್ಲವೆನ್ನುವುದು ವಿಮರ್ಶೆಯಲ್ಲ, ಜಿಪುಣತನ.